ಅಂಚೆಯಲ್ಲಿ ಓಡಾಡಿ ಹುಟ್ಟಿದ ಆಲ್ಬಮ್: ‘ಗಿವ್ ಅಪ್’ ಅನ್ನು ಮನಸಿಟ್ಟು ಕೇಳುವುದು ಹೇಗೆ?

ಡಿಗ್ರಿ ಓದುವಾಗ ನಾನೂ ನನ್ನ ಗೆಳೆಯನೂ ಮೈಸೂರಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಒಂದೇ ಇಯರ್‌ಫೋನ್ ಹಂಚಿಕೊಂಡು ಹಾಡು ಕೇಳುತ್ತಿದ್ದೆವು. ಎಡಗಡೆಯದು ನನಗೆ, ಬಲಗಡೆಯದು ಅವನಿಗೆ. ಅವನ ಎಂಪಿ3 ಪ್ಲೇಯರಿನಲ್ಲಿ ಯಾರೋ ಹಾಕಿಕೊಟ್ಟ ಒಂದು ಇಂಗ್ಲಿಷ್ ಆಲ್ಬಮ್ ಇತ್ತು. ಅದರ ಎರಡನೇ ಹಾಡು ಶುರುವಾದಾಗ ನನ್ನ ಕಿವಿಯಲ್ಲಿ ‘ಟಿಂಕ್’ ಅಂತ ಒಂದು ಸದ್ದು ಬಂತು. ಆಮೇಲೆ ಚೂರು ಖಾಲಿ. ಮತ್ತೆ ‘ಟಿಂಕ್’. ಹಾಡು ಇರುವುದೇ ಹೀಗೆ ಅಂದುಕೊಂಡೆ. ಎಷ್ಟೋ ವರ್ಷ ಆದಮೇಲೆ ಒಬ್ಬನೇ ಕೂತು ಎರಡೂ ಕಿವಿಗೆ ಹಾಕಿಕೊಂಡು ಕೇಳಿದಾಗ ಗೊತ್ತಾಯಿತು. ಆ ಜಾಗ ಖಾಲಿ ಇರಲಿಲ್ಲ. ಅಲ್ಲಿ ಬರಬೇಕಾದ ಸದ್ದು ಆವತ್ತು ಅವನ ಕಿವಿಯಲ್ಲಿತ್ತು.

ಆ ಆಲ್ಬಮ್‌ನ ಹೆಸರು ‘ಗಿವ್ ಅಪ್’. ಮಾಡಿದ್ದು ‘ದಿ ಪೋಸ್ಟಲ್ ಸರ್ವಿಸ್’ ಅನ್ನುವ ಅಮೆರಿಕದ ತಂಡ. ಬಂದದ್ದು 2003ರ ಫೆಬ್ರವರಿಯಲ್ಲಿ. ಹತ್ತು ಹಾಡು, ಒಟ್ಟು ಮುಕ್ಕಾಲು ಗಂಟೆ. ಸಣ್ಣ ಕಂಪನಿಯಿಂದ ಬಂದ ಎಲೆಕ್ಟ್ರಾನಿಕ್ ಪಾಪ್ ಸಂಗೀತದಲ್ಲಿ ನನಗೆ ಇಷ್ಟು ಹತ್ತಿರವಾದದ್ದು ಬೇರೆ ಇಲ್ಲ. ಇದನ್ನು ಹಿನ್ನೆಲೆಯಲ್ಲಿ ಹಾಕಿಕೊಂಡು ಅಡುಗೆ ಮಾಡಬಹುದು, ತಪ್ಪೇನಿಲ್ಲ. ಆದರೆ ಕೂತು ಕೇಳಿದರೆ ಸಿಗುವುದೇ ಬೇರೆ. ಹಾಗೆ ಕೂತು ಕೇಳುವ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಎಲೆಕ್ಟ್ರಾನಿಕ್ ಸಂಗೀತ ಗೊತ್ತಿರಬೇಕು ಅಂತಿಲ್ಲ. ಇಂಗ್ಲಿಷ್ ಹಾಡಿನ ಪ್ರತಿ ಮಾತೂ ಮೊದಲ ಸಲಕ್ಕೇ ಅರ್ಥವಾಗಬೇಕು ಅಂತಲೂ ಇಲ್ಲ.

ಮೊದಲು ಇಷ್ಟು ತಿಳಿದುಕೊಳ್ಳಿ

ಈ ತಂಡದ ಬೆನ್ನೆಲುಬು ಇಬ್ಬರು. ಒಬ್ಬರು ಬೆನ್ ಗಿಬ್ಬರ್ಡ್. ಸಿಯಾಟಲ್‌ನಲ್ಲಿದ್ದವರು, ‘ಡೆತ್ ಕ್ಯಾಬ್ ಫಾರ್ ಕ್ಯೂಟಿ’ ಅನ್ನುವ ಗಿಟಾರ್ ತಂಡದ ಹಾಡುಗಾರ. ಇನ್ನೊಬ್ಬರು ಜಿಮ್ಮಿ ಟ್ಯಾಂಬೊರೆಲ್ಲೊ. ಲಾಸ್ ಏಂಜಲೀಸ್‌ನವರು, ‘ಡಿಂಟೆಲ್’ ಅನ್ನುವ ಹೆಸರಿನಲ್ಲಿ ಕಂಪ್ಯೂಟರು, ಸಿಂಥಸೈಜರು (ಕರೆಂಟಿನಿಂದ ಸದ್ದು ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ಇಟ್ಟುಕೊಂಡು ಸಂಗೀತ ಕಟ್ಟುತ್ತಿದ್ದವರು. ಇವರಿಬ್ಬರೂ ಸೇರಿ ಮೊದಲು ಮಾಡಿದ್ದು ಒಂದೇ ಒಂದು ಹಾಡು. ಅದು 2001ರಲ್ಲಿ ಬಂದ ಡಿಂಟೆಲ್ ಆಲ್ಬಮ್‌ನಲ್ಲಿದೆ. ಅದು ಚೆನ್ನಾಗಿ ಬಂತು, ಇನ್ನಷ್ಟು ಮಾಡೋಣ ಅಂತ ಹೊರಟರು.

ಆದರೆ ಎರಡು ಊರಿನ ನಡುವೆ ರಸ್ತೆಯಲ್ಲಿ ಸುಮಾರು 1,800 ಕಿಲೋಮೀಟರ್. ಹಾಗಾಗಿ ಟ್ಯಾಂಬೊರೆಲ್ಲೊ ತಮ್ಮ ಮನೆಯಲ್ಲಿ ತಾಳ, ಸಿಂಥ್ ಎಲ್ಲ ಕಟ್ಟಿ, ರೆಕಾರ್ಡ್ ಮಾಡಿ ಪೋಸ್ಟಿಗೆ ಹಾಕುತ್ತಿದ್ದರು. ಗಿಬ್ಬರ್ಡ್ ಅದನ್ನು ಕೇಳಿ, ಬೇಕಾದ ಕಡೆ ಕತ್ತರಿಸಿ, ಹಿಂದೆ ಮುಂದೆ ಮಾಡಿ, ಮಾತು ಬರೆದು ಹಾಡಿ, ಗಿಟಾರೋ ಡ್ರಮ್ಸೋ ಸೇರಿಸಿ ವಾಪಸ್ ಕಳಿಸುತ್ತಿದ್ದರು. ತಂಡಕ್ಕೆ ‘ಪೋಸ್ಟಲ್ ಸರ್ವಿಸ್’ ಅಂತ ಹೆಸರು ಬಂದದ್ದು ಇದರಿಂದಲೇ.

ಇಂಟರ್‌ನೆಟ್ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಆದರೆ ಸಿಡಿ ಗುಣಮಟ್ಟದ ಸದ್ದು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ. ನಾಲ್ಕೂವರೆ ನಿಮಿಷದ ಹಾಡು ಅಂದರೆ 45 ಎಂಬಿಗೂ ಜಾಸ್ತಿ. ಆಗ ಮನೆಮನೆಯಲ್ಲಿ ಇದ್ದ, ಫೋನ್ ಲೈನಿನಲ್ಲಿ ಇಂಟರ್‌ನೆಟ್ ಕೊಡುವ 56ಕೆ ಮೋಡೆಮಿನಲ್ಲಿ ಪೂರ್ತಿ ವೇಗ ಸಿಕ್ಕಿದರೂ ಅಷ್ಟು ಇಳಿಸಿಕೊಳ್ಳಲು ಹತ್ತಿರ ಹತ್ತಿರ ಎರಡು ಗಂಟೆ. ಲೈನ್ ಕಟ್ಟಾದರೆ ಮತ್ತೆ ಮೊದಲಿಂದ. ಲಕೋಟೆಯೇ ವಾಸಿ.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಆಲ್ಬಮ್ ಕೇಳುವ ಕೀಲಿಕೈ ಇರುವುದು ಇಲ್ಲೇ. ಎದುರುಬದುರು ಕೂತು ನುಡಿಸಿದ ಸಂಗೀತ ಅಲ್ಲ ಇದು. ಒಬ್ಬರು ಅರ್ಧ ಮಾಡಿ, ಉಳಿದರ್ಧವನ್ನು ಇನ್ನೊಬ್ಬರ ಮೇಲಿನ ನಂಬಿಕೆಗೆ ಬಿಟ್ಟು ಕಳಿಸಿದ್ದು. ಹಾಗಾಗಿ ಪ್ರತಿ ಹಾಡಿನಲ್ಲೂ ಒಂದು ಹೊಲಿಗೆ ಇದೆ. ಲಾಸ್ ಏಂಜಲೀಸಿನ ಬಟ್ಟೆಗೆ ಸಿಯಾಟಲ್ ಬಟ್ಟೆ ಸೇರುವ ಜಾಗ. ಆ ಹೊಲಿಗೆ ಮೇಲೆ ಬೆರಳಾಡಿಸುವುದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ನಮಗೆ ಇದು ತೀರಾ ಹೊಸದೇನಲ್ಲ. ಭಾವಗೀತೆಯಲ್ಲಿ ಕವಿತೆ ಮೊದಲು, ರಾಗ ಆಮೇಲೆ. ಸಿನಿಮಾ ಹಾಡಿನಲ್ಲಿ ಬಹಳ ಸಲ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ‘ಗಿವ್ ಅಪ್’ ಹೆಚ್ಚಾಗಿ ಎರಡನೇ ಜಾತಿ. ಟ್ಯೂನಿಗೆ ಮಾತು ಕೂರಿಸುವ ಕಷ್ಟ, ಕೂತಾಗ ಆಗುವ ಖುಷಿ ಎರಡೂ ಕನ್ನಡ ಸಿನಿಮಾ ಹಾಡು ಕೇಳಿ ಬೆಳೆದ ಕಿವಿಗೆ ಬೇಗ ಗೊತ್ತಾಗುತ್ತದೆ.

ಹಂತ 1: ತಯಾರಿ

ದುಬಾರಿ ಹೆಡ್‌ಫೋನ್ ಬೇಡ. ಎರಡೂ ಕಿವಿಗೆ ಸರಿಯಾಗಿ ಕೂರುವ, ಎರಡೂ ಕಡೆ ಒಂದೇ ಸಮ ಕೇಳಿಸುವ ಸಾಧಾರಣ ಇಯರ್‌ಫೋನ್ ಸಾಕು. ಮೊಬೈಲಿನ ಸ್ಪೀಕರ್ ಮಾತ್ರ ಬೇಡ. ಈ ಆಲ್ಬಮ್‌ನ ಅರ್ಧ ಚಂದ ಎಡ ಬಲದ ಆಟದಲ್ಲಿದೆ, ಇನ್ನರ್ಧ ಕೆಳಗಿನ ಬೇಸ್‌ನಲ್ಲಿದೆ. ಮೊಬೈಲ್ ಸ್ಪೀಕರಿನಲ್ಲಿ ಎರಡೂ ಹೋಗಿಬಿಡುತ್ತವೆ.

ಆಮೇಲೆ ಫೋನಿನ ಸೆಟ್ಟಿಂಗ್ಸ್ ಒಮ್ಮೆ ನೋಡಿ. ಕೆಲವು ಫೋನಿನಲ್ಲಿ ‘ಮೋನೊ ಆಡಿಯೊ’ ಅಂತ ಒಂದು ಆಯ್ಕೆ ಇರುತ್ತದೆ. ಗೊತ್ತಿಲ್ಲದೆ ಆನ್ ಆಗಿದ್ದರೆ ಎಡ ಬಲ ಎರಡೂ ಒಂದೇ ಆಗುತ್ತದೆ. ಅದನ್ನು ಆಫ್ ಮಾಡಿ. ಈಕ್ವಲೈಸರಿನಲ್ಲಿ ‘ಬೇಸ್ ಬೂಸ್ಟ್’ ಇದ್ದರೆ ತೆಗೆದುಬಿಡಿ. ಹಾಡಿನ ಆ್ಯಪಿನಲ್ಲಿ ಷಫಲ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ‘ಕ್ರಾಸ್‌ಫೇಡ್’ ಕೂಡ ಬೇಡ. ಗುಣಮಟ್ಟ ಆರಿಸುವ ಕಡೆ ಎಲ್ಲಕ್ಕಿಂತ ಮೇಲಿನದನ್ನು ಆರಿಸಿ. ಡೇಟಾ ಕಮ್ಮಿ ಇದ್ದರೆ ವೈಫೈ ಇರುವಾಗ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. 2013ರಲ್ಲಿ ಹತ್ತು ವರ್ಷ ತುಂಬಿದ್ದಕ್ಕೆ ಹೆಚ್ಚಿನ ಹಾಡು ಸೇರಿಸಿ ಇದನ್ನು ಮತ್ತೆ ಬಿಡುಗಡೆ ಮಾಡಿದರು. ಅದು ಸಿಕ್ಕರೆ ಮೊದಲ ಹತ್ತು ಹಾಡಿಗೇ ನಿಲ್ಲಿಸಿ. ಉಳಿದದ್ದು ಇನ್ನೊಂದು ದಿನಕ್ಕೆ.

ಹೊತ್ತು ಯಾವುದಾದರೂ ಆಗಬಹುದು. ನನಗೆ ರಾತ್ರಿ ಊಟ ಆದಮೇಲಿನ ಹೊತ್ತು ಇಷ್ಟ. ಬೀದಿ ಸದ್ದು ಇಳಿದಿರುತ್ತದೆ, ಸದ್ದು ಜಾಸ್ತಿ ಇಡುವುದೇ ಬೇಕಾಗುವುದಿಲ್ಲ.

ಹಂತ 2: ಮೊದಲ ಸಲ ಸುಮ್ನೆ ಕೇಳಿ

ಏನೂ ಹುಡುಕಬೇಡಿ. ಸಾಹಿತ್ಯ ತೆರೆದು ಇಟ್ಟುಕೊಳ್ಳಬೇಡಿ. ಮುಕ್ಕಾಲು ಗಂಟೆ ಒಂದೇ ಓಟ. ಮಧ್ಯೆ ಎದ್ದು ನೀರು ಕುಡಿದರೆ ಪರವಾಗಿಲ್ಲ, ಹಾಡು ದಾಟಿಸುವುದು ಮಾತ್ರ ಬೇಡ.

ಒಂದು ಹಾಳೆ ಹತ್ತಿರ ಇರಲಿ. ಹತ್ತು ಅಂಕಿ ಬರೆದು, ಪ್ರತಿ ಹಾಡಿನ ಮುಂದೆ ಒಂದೇ ಒಂದು ಪದ ಬರೆಯಿರಿ. ‘ಮಳೆ’, ‘ರೈಲು’, ‘ಬೇಜಾರು’, ಏನು ತೋಚುತ್ತದೋ ಅದು. ನಾನು ಮೊದಲ ಹಾಡಿನ ಮುಂದೆ ‘ಖಾಲಿ ಮನೆ’ ಅಂತ ಬರೆದಿದ್ದೆ. ಎರಡು ಪದ ಆಯಿತು, ಇರಲಿ. ಆಮೇಲೆ ಸಾಹಿತ್ಯ ಓದಿದಾಗ ಅದು ನಿಜಕ್ಕೂ ಒಂದು ಮನೆಗೆ ಹೋಗಿ ಪರಕೀಯನಾಗಿ ನಿಂತವನ ಹಾಡು ಅಂತ ಗೊತ್ತಾಯಿತು. ಮಾತು ಹಿಡಿಯುವ ಮೊದಲೇ ಸಂಗೀತ ಅದನ್ನು ಹೇಳಿಬಿಟ್ಟಿತ್ತು. ಈ ಹಾಳೆ ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಹಂತ 3: ಎರಡನೇ ಸಲ ಯಂತ್ರದ ಕೈಹಿಡಿದು ಹೋಗಿ

ಈ ಸಲ ಹಾಡುಗಾರನನ್ನು ಮರೆತುಬಿಡಿ. ಅವರ ದನಿಯೂ ಒಂದು ವಾದ್ಯ ಅಂದುಕೊಳ್ಳಿ. ಕಿವಿ ಪೂರ್ತಿ ಲಾಸ್ ಏಂಜಲೀಸಿನ ಕಡೆ ಇರಲಿ.

ಎಲೆಕ್ಟ್ರಾನಿಕ್ ಸಂಗೀತ ಕೇಳಿ ಅಭ್ಯಾಸ ಇಲ್ಲದವರಿಗೆ ಎಲ್ಲವೂ ಒಂದೇ ರಾಶಿಯಾಗಿ ಕೇಳಿಸುತ್ತದೆ. ಬಿಡಿಸಿಕೊಳ್ಳಲು ಸುಲಭದ ದಾರಿ ಕೆಳಗಿಂದ ಮೇಲೆ ಹೋಗುವುದು. ಮೊದಲು ‘ದಬ್ ದಬ್’ ಅಂತ ಎದೆಗೆ ತಾಗುವ ಪೆಟ್ಟು ಹುಡುಕಿ. ಅದನ್ನು ಕಿಕ್ ಅನ್ನುತ್ತಾರೆ. ತಬಲಾದ ಎಡ ನೆನೆಸಿಕೊಳ್ಳಿ. ಅದರ ಮೇಲೆ ‘ಛಟ್’ ಅಂತ ಬರುವುದು ಸ್ನೇರ್. ಅದಕ್ಕೂ ಮೇಲೆ ‘ಚಿಕಿ ಚಿಕಿ’ ಅಂತ ಓಡುವುದು ಹೈ-ಹ್ಯಾಟ್. ಈ ಮೂರು ಸಿಕ್ಕಿದ ಮೇಲೆ ಅವುಗಳ ಕೆಳಗೆ ದಪ್ಪಗೆ ಹರಿಯುವ ಬೇಸ್ ಹಿಡಿಯಿರಿ. ಆಮೇಲೆ ಹಿಂದೆ ಮೋಡದ ಹಾಗೆ ಹರಡಿಕೊಂಡಿರುವ ಉದ್ದುದ್ದ ಸ್ವರ. ಶ್ರುತಿಪೆಟ್ಟಿಗೆ ಕೆಲಸ ಅದರದ್ದು. ಕೊನೆಗೆ ಮಿಂಚುಹುಳದ ಹಾಗೆ ಅಲ್ಲಿ ಇಲ್ಲಿ ಹೊಳೆಯುವ ಚಿಕ್ಕ ಚಿಕ್ಕ ಸದ್ದು.

ಅಭ್ಯಾಸಕ್ಕೆ ಮೊದಲ ಹಾಡೇ ಸರಿ. ‘ದಿ ಡಿಸ್ಟ್ರಿಕ್ಟ್ ಸ್ಲೀಪ್ಸ್ ಅಲೋನ್ ಟುನೈಟ್’. ಶುರುವಿನಲ್ಲಿ ಹೆಚ್ಚೇನೂ ಇಲ್ಲ. ಆರ್ಗನ್ ತರಹದ ಮೆತ್ತನೆಯ ಸ್ವರ, ಜೊತೆಗೆ ಚಿಟಿಕೆ ಹೊಡೆದಷ್ಟು ಸಣ್ಣ ತಾಳ. ಒಂದೊಂದೇ ಪದರ ಸೇರುತ್ತಾ ಹೋಗುತ್ತದೆ. ಯಾವುದು ಯಾವಾಗ ಬಂತು ಅಂತ ಬೆರಳು ಮಡಚಿ ಎಣಿಸಿ. ಹಾಡು ಅರ್ಧ ದಾಟಿದ ಮೇಲೆ ಒಂದು ಕಡೆ ತಾಳ ಒಮ್ಮೆಲೇ ಚುರುಕಾಗಿ ಇಡೀ ಹಾಡು ಎದ್ದು ನಡೆಯಲು ಶುರುಮಾಡುತ್ತದೆ. ಹಾಡುಗಾರನ ದನಿಯಲ್ಲಿ ಅದೇ ಬೇಸರ, ಆದರೆ ಕೆಳಗಿನ ಯಂತ್ರ ಕುಣಿಯುತ್ತಿದೆ. ನಾನು ಆ ತಿರುವಿಗಾಗಿಯೇ ಈ ಹಾಡನ್ನು ಎಷ್ಟೋ ಸಲ ಮೊದಲಿಂದ ಹಾಕಿದ್ದೇನೆ. ಆ ತಿರುವಿಗೆ ನೇರವಾಗಿ ಹಾರಿದರೆ ಏನೂ ಅನಿಸುವುದಿಲ್ಲ. ಮೊದಲ ಅರ್ಧದ ಮೌನ ಕೇಳಿ ಬಂದಿದ್ದರೆ ಮಾತ್ರ ಅದು ಎದೆಗೆ ಬಡಿಯುತ್ತದೆ.

ಒಂಬತ್ತನೇ ಹಾಡು ‘ಬ್ರ್ಯಾಂಡ್ ನ್ಯೂ ಕಾಲನಿ’ಯ ಶುರು ಕೇಳಿದರೆ ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೊ ಗೇಮ್ ನೆನಪಾಗುತ್ತದೆ. ಅದೇ ತರಹದ ಚೂಪು ಚೂಪು ಸದ್ದು. ಆಟಿಕೆಯಂಥ ಸದ್ದಿನ ಮೇಲೆ ‘ನಾವಿಬ್ಬರೂ ಎಲ್ಲೋ ಹೋಗಿ ಹೊಸ ಊರು ಕಟ್ಟೋಣ’ ಅನ್ನುವ ದೊಡ್ಡ ಆಸೆ ಕೂತಿದೆ.

ಹಂತ 4: ಮೂರನೇ ಸಲ ಮಾತು ಹಿಡಿಯಿರಿ

ಈಗ ಸಾಹಿತ್ಯ ತೆರೆದುಕೊಳ್ಳಿ. ಈ ಆಲ್ಬಮ್‌ಗೆ ಇಷ್ಟು ಜನ ಅಂಟಿಕೊಂಡಿದ್ದು ಗಿಬ್ಬರ್ಡ್ ಬರೆಯುವ ರೀತಿಯಿಂದ. ‘ಹೃದಯ ಚೂರಾಯಿತು’ ಅನ್ನುವ ಜಾಗದಲ್ಲಿ ಅವರು ಒಂದು ವಸ್ತು ತಂದಿಡುತ್ತಾರೆ. ಆ ವಸ್ತುಗಳನ್ನು ಹುಡುಕಿಕೊಂಡು ಹೋಗಿ.

ಮತ್ತೆ ಮೊದಲ ಹಾಡಿಗೆ ಬನ್ನಿ. ಹೆಸರಿನಲ್ಲಿರುವ ಡಿಸ್ಟ್ರಿಕ್ಟ್ ಅಂದರೆ ವಾಷಿಂಗ್ಟನ್ ಡಿ.ಸಿ. ಬಿಟ್ಟುಹೋದ ಹುಡುಗಿ ಆ ಊರಿನಲ್ಲಿ ಹೊಸ ಬದುಕು ಕಟ್ಟಿಕೊಂಡಿದ್ದಾಳೆ, ಇವನು ನೋಡಲು ಹೋಗಿದ್ದಾನೆ. ಎದೆ ಮೇಲೆ ದಪ್ಪ ಅಕ್ಷರದ ಸ್ಟಿಕ್ಕರ್. ನಾನು ಇಲ್ಲಿಗೆ ಬಂದುಹೋಗುವವನು, ಉಳಿಯುವವನಲ್ಲ ಅಂತ ಅವಳ ಹೊಸ ಗೆಳೆಯರಿಗೆ ಹೇಳುವ ಸ್ಟಿಕ್ಕರ್. ಆಫೀಸಿನ ಗೇಟಿನಲ್ಲಿ ನಮಗೂ ಹೀಗೆ ‘ವಿಸಿಟರ್’ ಅಂತ ಅಂಟಿಸಿ ಒಳಗೆ ಬಿಡುತ್ತಾರಲ್ಲ, ಅದೇ. ಒಂದು ಕಾಲಕ್ಕೆ ಅವಳ ಬದುಕಿನಲ್ಲಿ ಮನೆಯವನಾಗಿದ್ದವನು ಈಗ ಸ್ಟಿಕ್ಕರ್ ಅಂಟಿಸಿಕೊಂಡು ನಿಂತಿದ್ದಾನೆ. ಬಿಟ್ಟುಬಿಡುವುದಕ್ಕೆ ತಕ್ಕವನು ನಾನೇ ಆಗಿದ್ದೆ ಅಂತ ಕೊನೆಗೆ ಅವನಿಗೆ ಅರ್ಥವಾಗುತ್ತದೆ. ತಾಳ ಚುರುಕಾದ ಮೇಲೆ ಮತ್ತೆ ಮತ್ತೆ ಬರುವುದು ಇದೇ ಮಾತು.

ನಾಲ್ಕನೆಯದು ‘ನಥಿಂಗ್ ಬೆಟರ್’. ಇದು ಯುಗಳಗೀತೆ. ಹುಡುಗ ಗೋಗರೆಯುತ್ತಾನೆ, ಮದುವೆಯಾಗಿ ಒಟ್ಟಿಗೆ ಮುದುಕರಾಗುವ ಕನಸು ಕಟ್ಟುತ್ತಾನೆ. ಕೇಳುವ ನಾವು ಅವನ ಪರ ವಾಲಿಬಿಟ್ಟಿರುತ್ತೇವೆ. ಆಗ ಹುಡುಗಿ ನಡುವೆ ಬಾಯಿ ಹಾಕುತ್ತಾಳೆ. ನೀನು ಇದ್ದದ್ದನ್ನು ಇದ್ದ ಹಾಗೆ ನೋಡುತ್ತಿಲ್ಲ, ನಾನು ಚಾರ್ಟು ಗ್ರಾಫು ಎಲ್ಲ ಮಾಡಿ ತಂದಿದ್ದೇನೆ ಅನ್ನುತ್ತಾಳೆ. ಇಷ್ಟು ಹೊತ್ತು ನಾವು ಕೇಳಿದ್ದು ಒಂದೇ ಕಡೆಯ ಕಥೆ ಅಂತ ಆಗ ಗೊತ್ತಾಗುತ್ತದೆ. ಆಲ್ಬಮ್‌ನಲ್ಲಿ ಆ ದನಿ ಜೆನ್ ವುಡ್ ಅವರದ್ದು. 1981ರಲ್ಲಿ ‘ಹ್ಯೂಮನ್ ಲೀಗ್’ ಅನ್ನುವ ಬ್ರಿಟಿಷ್ ತಂಡ ಇದೇ ಅಚ್ಚಿನ ಒಂದು ಜಗಳದ ಯುಗಳಗೀತೆ ಮಾಡಿತ್ತು. ಅಲ್ಲೂ ಹುಡುಗನ ಮಾತು ಮೊದಲು, ಹುಡುಗಿಯ ಉತ್ತರ ಆಮೇಲೆ. ಈ ಹಾಡು ಅದರ ದಾರಿಯಲ್ಲೇ ಬಂದದ್ದು. ಇನ್ನು ಕೆಲವು ಹಾಡುಗಳಲ್ಲಿ ಹಿಂದಿನಿಂದ ಬರುವ ಹೆಣ್ಣು ದನಿ ಜೆನ್ನಿ ಲೂಯಿಸ್ ಅವರದ್ದು. ವೇದಿಕೆಯಲ್ಲಿ ತಂಡ ಹಾಡುವಾಗ ‘ನಥಿಂಗ್ ಬೆಟರ್’ನ ಹುಡುಗಿಯೂ ಅವರೇ.

‘ಸ್ಲೀಪಿಂಗ್ ಇನ್’ ಹಾಡಿನಲ್ಲಿ ಒಬ್ಬ ಎರಡು ಕನಸು ಕಾಣುತ್ತಾನೆ. ಒಂದರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆಯ ಹಿಂದೆ ಯಾವ ಪಿತೂರಿಯೂ ಇಲ್ಲ, ಎಲ್ಲ ಕಂಡ ಹಾಗೇ ಇದೆ. ಇನ್ನೊಂದರಲ್ಲಿ ನವೆಂಬರ್ ತಿಂಗಳಲ್ಲೂ ಈಜುವಷ್ಟು ಸೆಕೆ, ಜನ ಅದನ್ನು ಒಳ್ಳೆಯವರಾಗಿದ್ದಕ್ಕೆ ಸಿಕ್ಕ ಬಹುಮಾನ ಅಂದುಕೊಂಡಿದ್ದಾರೆ. ನನ್ನನ್ನು ಎಬ್ಬಿಸಬೇಡಿ ಅನ್ನುತ್ತಾನೆ ಅವನು. ಜೋಗುಳದಂಥ ರಾಗ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ 2003ರಲ್ಲಿ ಇಷ್ಟು ಮೆತ್ತಗೆ, ಇಷ್ಟು ಭಯವಾಗುವ ಹಾಗೆ ಹಾಡಿದ್ದು ನನಗೆ ಇವತ್ತಿಗೂ ಆಶ್ಚರ್ಯ.

‘ರಿಸೈಕಲ್ಡ್ ಏರ್’ ವಿಮಾನದೊಳಗಿನ ಹಾಡು. ಕಿಟಕಿಯಿಂದ ಕೆಳಗೆ ಕೌದಿ ಹಾಸಿದ ಹಾಗೆ ತುಂಡು ತುಂಡು ಹೊಲ. ಅವು ನಿಧಾನಕ್ಕೆ ಮಾಸಿ ಸಮುದ್ರ ಬರುತ್ತದೆ. ಹಳೆಯ ಹಾಲಿವುಡ್ ನಟನ ಹೆಸರಿಟ್ಟ ‘ಕ್ಲಾರ್ಕ್ ಗೇಬಲ್’ ಹಾಡಿನಲ್ಲಿ, ಲಂಡನ್‌ನಲ್ಲಿ ರೈಲಿಗೆ ಕಾಯುತ್ತಾ ನಿಂತವನಿಗೆ ತಾನು ಹುಟ್ಟಿದಾಗಿನಿಂದ ಸಿನಿಮಾದಲ್ಲಿ ಇರುವಂಥ ಪ್ರೀತಿಗೆ ಕಾಯುತ್ತಿದ್ದೇನೆ ಅಂತ ಹೊಳೆಯುತ್ತದೆ.

‘ವಿ ವಿಲ್ ಬಿಕಮ್ ಸಿಲೂಯೆಟ್ಸ್’ ಹಾಡಿಗೆ ಮಾತ್ರ ಸ್ವಲ್ಪ ನಿಲ್ಲಿ. ಇದು ಅಣುಬಾಂಬ್ ಬಿದ್ದ ಮೇಲಿನ ಕಥೆ. ಒಬ್ಬ ಡಬ್ಬಿ ಊಟ, ಸೋಸಿದ ನೀರು ಕೂಡಿಟ್ಟುಕೊಂಡು ಒಳಗೆ ಕೂತಿದ್ದಾನೆ. ಹೊರಗಿನ ಗಾಳಿ ವಿಷ. ಆದರೆ ರಾಗವೋ, ಶಾಲೆ ಮಕ್ಕಳು ಪಿಕ್ನಿಕ್ಕಿಗೆ ಹೊರಟ ಹಾಗೆ ‘ಬಾ ಬಾ ಬಾ’ ಅಂತ ಓಡುತ್ತದೆ. ನನ್ನ ಹಾಳೆಯಲ್ಲಿ ಇದರ ಮುಂದೆ ‘ಜಾತ್ರೆ’ ಅಂತ ಬರೆದಿತ್ತು. ಮಾತು ಗೊತ್ತಾದ ದಿನ ಆ ಪದ ನೋಡಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ನೀವೂ ನಿಮ್ಮ ಹಾಳೆ ಈಗ ತೆಗೆದು ನೋಡಿ. ಎಲ್ಲಿ ನಿಮ್ಮ ಪದಕ್ಕೂ ಹಾಡಿನ ಮಾತಿಗೂ ಹೊಂದುವುದಿಲ್ಲವೋ ಆ ಹಾಡುಗಳಿಗೆ ಗುರುತು ಹಾಕಿ. ಮುಂದಿನ ಹಂತ ಅಲ್ಲಿಂದಲೇ ಶುರು.

ಹಂತ 5: ಹೊಲಿಗೆ ಹುಡುಕಿ

ಗುರುತು ಹಾಕಿದ ಹಾಡುಗಳಲ್ಲಿ ಸಂಗೀತ ಒಂದು ಕಡೆ ಎಳೆಯುತ್ತಿದೆ, ಮಾತು ಇನ್ನೊಂದು ಕಡೆ. ಒಂದು ಊರಿಂದ ಬಂದ ಕುಣಿತಕ್ಕೆ ಇನ್ನೊಂದು ಊರಿನವರು ದುಃಖ ಬರೆದರು. ಬಂದ ಸಂಗೀತಕ್ಕೆ ತಕ್ಕ ಹಾಗೆ ಖುಷಿಯ ಮಾತನ್ನೇ ಬರೆದಿದ್ದರೆ ಹಾಡು ಅಲ್ಲಿಗೇ ಮುಗಿದುಹೋಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಹೊಲಿಗೆ ಕಿವಿಗೆ ಸಿಗುವುದು ಹೇಗೆ? ಯಂತ್ರದ ಸದ್ದು ಅಂಚು ಕತ್ತರಿಸಿದ ಹಾಗೆ ಇರುತ್ತದೆ. ಪ್ರತಿ ಸಲವೂ ಅಳೆದಷ್ಟೇ ಜೋರು. ಮನುಷ್ಯ ನುಡಿಸಿದ್ದು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ, ಒಂದು ಪೆಟ್ಟು ಜೋರು ಒಂದು ಮೆಲ್ಲಗೆ ಬೀಳುತ್ತದೆ. ಹಾಡು ಸಾಗುತ್ತಾ ಗಿಟಾರ್ ತಂತಿ ಮೀಟಿದ ಸದ್ದು, ಉಸಿರು ಎಳೆದುಕೊಂಡ ಸದ್ದು ಎಲ್ಲಿ ಬರುತ್ತದೆ ಅಂತ ನೋಡುತ್ತಾ ಹೋಗಿ. ಅಲ್ಲಿ ಲಕೋಟೆ ತೆರೆದು ಇನ್ನೊಬ್ಬರು ಕೈ ಹಾಕಿದ್ದಾರೆ.

ಇದಕ್ಕೆ ‘ಸಚ್ ಗ್ರೇಟ್ ಹೈಟ್ಸ್’ ಹಾಡಿಗಿಂತ ಒಳ್ಳೆಯ ಪಾಠ ಇಲ್ಲ. ನಾನು ಅರ್ಧ ಕಿವಿಯಲ್ಲಿ ಕೇಳಿದ ಎರಡನೇ ಹಾಡು ಇದೇ. ಹೀಗೆ ಮಾಡಿ. ಕಣ್ಣು ಮುಚ್ಚಿಕೊಂಡು ಮೊದಲ ಅರ್ಧ ನಿಮಿಷ ಕೇಳಿ. ಪುಟಾಣಿ ಸದ್ದುಗಳು ಎಡಕ್ಕೂ ಬಲಕ್ಕೂ ಹಾರುತ್ತವೆ. ಇಬ್ಬರು ಮಕ್ಕಳು ಅಂಗಳದ ಎರಡು ತುದಿಯಲ್ಲಿ ನಿಂತು ಕಲ್ಲು ಎಸೆದು ಹಿಡಿಯುವ ಹಾಗೆ. ಈಗ ಬಲಗಡೆಯದನ್ನು ತೆಗೆದು ಮತ್ತೆ ಮೊದಲಿಂದ ಕೇಳಿ. ಅರ್ಧ ಆಟ ಕಾಣೆ. ಎಡಗಡೆಯದನ್ನು ತೆಗೆದು ಇನ್ನೊಮ್ಮೆ ಕೇಳಿ. ಆಮೇಲೆ ಎರಡನ್ನೂ ಹಾಕಿಕೊಳ್ಳಿ. ಮೂರು ನಾಲ್ಕು ನಿಮಿಷದ ಕೆಲಸ ಇದು, ಖಂಡಿತ ಮಾಡಿ ನೋಡಿ.

ಆ ಸದ್ದುಗಳು ಹಾಡಿನುದ್ದಕ್ಕೂ ಸುಮ್ಮನಾಗುವುದಿಲ್ಲ. ದನಿ ಬಂದಾಗ ಅದರ ಹಿಂದೆ ಸರಿಯುತ್ತವೆ. ಹಾಡು ಮೇಲೇರಿದಾಗ ಗಿಟಾರೂ ಸೇರಿಕೊಳ್ಳುತ್ತದೆ. ಮಾತಿನ ಕಥೆ ಏನು? ಇಬ್ಬರ ಕಣ್ಣಿನಲ್ಲೂ ಒಂದೊಂದು ಮಚ್ಚೆ, ಕನ್ನಡಿಯಲ್ಲಿ ನೋಡಿದ ಹಾಗೆ ಒಂದರ ಎದುರು ಒಂದು. ಮುಖ ಹತ್ತಿರ ಬಂದಾಗ ಎರಡೂ ಸರಿಯಾಗಿ ಕೂರುತ್ತವೆ. ಈಗ ಮತ್ತೆ ಆ ಎಡ ಬಲದ ಸದ್ದು ಕೇಳಿ. ಮಾತು ಏನು ಹೇಳುತ್ತಿದೆಯೋ ಅದನ್ನೇ ಸದ್ದು ಮಾಡಿ ತೋರಿಸುತ್ತಿದೆ, ಅಲ್ವಾ? ಸದ್ದಿನಲ್ಲಿ ಆಗಲೇ ಇದ್ದ ಜೋಡಿಯನ್ನು ಗಿಬ್ಬರ್ಡ್ ಮಾತಿನಲ್ಲೂ ತಂದರು. ಇಡೀ ಆಲ್ಬಮ್‌ನಲ್ಲಿ ಹೊಲಿಗೆ ಎಲ್ಲಿದೆ ಅಂತ ಕಾಣದಷ್ಟು ಸಲೀಸಾಗಿರುವುದು ಇಲ್ಲಿ.

ಹಂತ 6: ಕಿಟಕಿ ತೆಗೆದು ಕೇಳಿ

‘ಸಚ್ ಗ್ರೇಟ್ ಹೈಟ್ಸ್’ ಅನ್ನು ಹೇಗೆ ಕೇಳಬೇಕು ಅಂತ ಹಾಡೇ ಹೇಳುತ್ತದೆ. ಎರಡನೇ ಚರಣಕ್ಕೆ ಕಿವಿಗೊಡಿ. ಪ್ರೀತಿಸಿದವಳು ದೂರದ ಊರುಗಳಲ್ಲಿ ಓಡಾಡುತ್ತಿದ್ದಾಳೆ. ಇವನು ಅವಳ ಫೋನಿನ ಆನ್ಸರಿಂಗ್ ಮಷೀನಿಗೆ (ಫೋನ್ ಎತ್ತದಿದ್ದಾಗ ಮಾತು ಹಿಡಿದಿಡುವ ಯಂತ್ರ) ಹಾಡನ್ನು ರೆಕಾರ್ಡ್ ಮಾಡಿ ಕಳಿಸಲು ನೋಡುತ್ತಾನೆ. ಕೇಳಿದರೆ ತಾಳ ತೆಳ್ಳಗೆ, ಸತ್ವ ಇಲ್ಲದೆ ಬಂದಿದೆ. ಇದು ಆಗುವುದಿಲ್ಲ, ಕಾರಿನ ಕಿಟಕಿ ಇಳಿಸಿ, ಮನೆ ಕಡೆ ಬರುವಾಗ ಇದನ್ನು ಹಾಕಿಕೋ, ಮೇಲಿನ ಚೂಪು ಸ್ವರ ಕೆಳಗಿನ ಆಳದ ಸ್ವರ ಎರಡೂ ಆಗ ಕೇಳುತ್ತೀಯ ಅನ್ನುತ್ತಾನೆ.

ಹಾಗಾಗಿ ಒಂದು ಸಲ ಮನೆಯಿಂದ ಹೊರಗೆ ಒಯ್ಯಿರಿ. ಕಾರು ಇದ್ದರೆ ಸಂಜೆ ಸಿಟಿ ದಾಟಿದ ಮೇಲೆ ಕಿಟಕಿ ಇಳಿಸಿ. ಇಲ್ಲದಿದ್ದರೆ ಬಸ್ಸಿನ ಕಿಟಕಿ ಪಕ್ಕದ ಸೀಟು. ಬೈಕ್ ಓಡಿಸುವಾಗ ಮಾತ್ರ ಬೇಡವೇ ಬೇಡ, ಹಿಂದಿನ ಹಾರ್ನ್ ಕೇಳಿಸುವುದಿಲ್ಲ. ಗಾಳಿಯ ಸದ್ದಿನಲ್ಲಿ ಎಷ್ಟೋ ಚಿಕ್ಕ ಸದ್ದುಗಳು ಮುಳುಗುತ್ತವೆ. ಮನೆಯಲ್ಲಿ ಅಷ್ಟು ಸಲ ಕೇಳಿದ್ದರಿಂದ ಮುಳುಗಿದ್ದನ್ನು ನಿಮ್ಮ ಮನಸ್ಸೇ ತುಂಬಿಕೊಡುತ್ತದೆ.

ಹಂತ 7: ಅದೇ ಹಾಡು, ಯಂತ್ರ ಇಲ್ಲದೆ

‘ಐರನ್ ಆ್ಯಂಡ್ ವೈನ್’ ಅನ್ನುವ ಹೆಸರಿನಲ್ಲಿ ಹಾಡುವ ಸ್ಯಾಮ್ ಬೀಮ್ ‘ಸಚ್ ಗ್ರೇಟ್ ಹೈಟ್ಸ್’ ಅನ್ನು ಬರೀ ಗಿಟಾರ್ ಹಿಡಿದು, ಪಿಸುಮಾತಿನ ಹಾಗೆ ಹಾಡಿದ್ದಾರೆ. 2004ರ ‘ಗಾರ್ಡನ್ ಸ್ಟೇಟ್’ ಸಿನಿಮಾದ ಹಾಡುಗಳ ಜೊತೆ ಅದು ಬಹಳ ಜನರಿಗೆ ಮುಟ್ಟಿತು. ಅದನ್ನು ಹುಡುಕಿ ಕೇಳಿ. ಓಟವೇ ಇಲ್ಲ, ನಿಂತ ನೀರು. ಮೂಲದಲ್ಲಿ ಹಾರಾಟ ಅನಿಸಿದ್ದು ಇಲ್ಲಿ ಕಾಯುವಿಕೆ ಅನಿಸುತ್ತದೆ. ಎರಡನ್ನೂ ಬೆನ್ನು ಬೆನ್ನಿಗೆ ಕೇಳಿದರೆ ಯಂತ್ರ ಈ ಹಾಡಿಗೆ ಏನು ಕೊಟ್ಟಿದೆ ಅನ್ನುವುದು ತಕ್ಕಡಿಯಲ್ಲಿ ತೂಗಿದ ಹಾಗೆ ಗೊತ್ತಾಗುತ್ತದೆ. ಗಿಟಾರಿನದು ಹೆಚ್ಚು ಚೆಂದ ಅನ್ನುವವರಿದ್ದಾರೆ. ನನ್ನ ಓಟು ಮೂಲಕ್ಕೇ. ಆ ಟಿಂಕ್ ಟಿಂಕ್ ಇಲ್ಲದೆ ಕಣ್ಣಿನ ಮಚ್ಚೆಗಳು ಬರೀ ಮಾತಾಗಿ ಉಳಿಯುತ್ತವೆ.

ಅಂಚೆ ಇಲಾಖೆಯ ಕಥೆ

ಇದು ಕೇಳುವ ಹಂತ ಅಲ್ಲ, ಆದರೆ ಹೇಳದೆ ಬಿಡಲು ಮನಸ್ಸಿಲ್ಲ. ಆಲ್ಬಮ್ ಬಂದ ವರ್ಷವೇ ಅಮೆರಿಕದ ಅಂಚೆ ಇಲಾಖೆ ನೋಟಿಸ್ ಕಳಿಸಿತು. ‘ಪೋಸ್ಟಲ್ ಸರ್ವಿಸ್’ ಅನ್ನುವುದು ತನ್ನ ಹೆಸರು, ಬಳಸಬೇಡಿ ಅಂತ. ಮಾತುಕತೆ ನಡೆದು 2004ರಲ್ಲಿ ರಾಜಿಯಾಯಿತು. ತಂಡ ಹೆಸರು ಇಟ್ಟುಕೊಳ್ಳಬಹುದು. ಅದಕ್ಕೆ ಬದಲಾಗಿ ಇಲಾಖೆಯ ಪ್ರಚಾರಕ್ಕೆ ಕೈಜೋಡಿಸಬೇಕು. ಇಲಾಖೆ ತನ್ನ ವೆಬ್‌ಸೈಟಿನಲ್ಲೇ ಆಲ್ಬಮ್ ಮಾರಿತು. ಅಂಚೆ ಇಲಾಖೆಯ ದೊಡ್ಡ ಅಧಿಕಾರಿಗಳ ಸಮಾವೇಶದಲ್ಲಿ ತಂಡ ಹಾಡಿತು ಕೂಡ.

ಆಲ್ಬಮ್ ಬಿಡುಗಡೆ ಮಾಡಿದ್ದು ಸಿಯಾಟಲ್‌ನ ‘ಸಬ್ ಪಾಪ್’ ಕಂಪನಿ. ಅದು 10 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಆ ಕಂಪನಿಯಲ್ಲಿ ಇದಕ್ಕಿಂತ ಜಾಸ್ತಿ ಹೋದದ್ದು ನಿರ್ವಾಣ ತಂಡದ 1989ರ ‘ಬ್ಲೀಚ್’ ಒಂದೇ. ಇಷ್ಟಾದರೂ ಇವರು ಎರಡನೇ ಆಲ್ಬಮ್ ಮಾಡಲಿಲ್ಲ. 2013ರಲ್ಲಿ, ಮತ್ತೆ 2023ರಲ್ಲಿ ಒಟ್ಟಿಗೆ ಊರೂರು ತಿರುಗಿ ಇದೇ ಹಾಡುಗಳನ್ನು ಹಾಡಿದರು.

ಕಷ್ಟದ ಹಾಡುಗಳನ್ನು ಬಿಡಬೇಡಿ

ಎರಡು ಹಾಡು ಮೊದಲಿಗೆ ಹಿಡಿಸುವುದಿಲ್ಲ. ‘ದಿಸ್ ಪ್ಲೇಸ್ ಈಸ್ ಎ ಪ್ರಿಸನ್’ ಕತ್ತಲೆ, ನಿಧಾನ, ಕುಡಿತದ ರಾತ್ರಿಗಳ ಹಾಡು. ಅಣುಬಾಂಬಿನ ಹಾಡಿನ ಬೆನ್ನಿಗೆ ಬರುವುದರಿಂದ ಆಗಿನ ನಗುಮುಖವೆಲ್ಲ ಇಲ್ಲಿ ಕಳಚಿಬೀಳುತ್ತದೆ. ಇನ್ನೊಂದು ಕೊನೆಯ ‘ನ್ಯಾಚುರಲ್ ಆ್ಯಂಥಮ್’. ಹೆಚ್ಚಿನ ಭಾಗ ಮಾತೇ ಇಲ್ಲ. ತಾಳ ಮುರಿದು ಚೂರಾಗಿ ಓಡುತ್ತದೆ, ಮೇಲೆ ಕೊರಕಲು ಸದ್ದು. ನಾನು ಮೊದಮೊದಲು ಒಂಬತ್ತಕ್ಕೇ ಆರಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಇಡೀ ಆಲ್ಬಮ್‌ನಲ್ಲಿ ಟ್ಯಾಂಬೊರೆಲ್ಲೊ ಅವರನ್ನು ಹೆಚ್ಚು ಹೊತ್ತು ಒಂಟಿಯಾಗಿ ಕೇಳುವುದು ಇಲ್ಲೇ. ದನಿ ಬರುವುದು ಕೊನೆ ಭಾಗದಲ್ಲಿ, ಅದೂ ಸ್ವಲ್ಪ. ಅಷ್ಟು ಹೊತ್ತು ಕಾದಿದ್ದಕ್ಕೆ ಆ ನಾಲ್ಕು ಮಾತು ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತದೆ.

ಕೊನೆಯ ಹಂತ: ಇನ್ನೊಬ್ಬರ ಜೊತೆ ಕೇಳಿ

ಒಂದೇ ಇಯರ್‌ಫೋನ್ ಹಂಚಿಕೊಂಡು ಅಲ್ಲ. ಇಬ್ಬರೂ ಅವರವರದ್ದು ಹಾಕಿಕೊಂಡು, ಒಂದೇ ಹೊತ್ತಿಗೆ. ಬೇರೆ ಊರಿನಲ್ಲಿದ್ದವರಾದರೆ ಇನ್ನೂ ಒಳ್ಳೆಯದು, ಈ ಆಲ್ಬಮ್ ಹುಟ್ಟಿದ್ದೇ ಹಾಗೆ. ಫೋನಿನಲ್ಲಿ ಮಾತಾಡಿಕೊಂಡು ಒಂದು ಎರಡು ಮೂರು ಅಂತ ಎಣಿಸಿ ಪ್ಲೇ ಒತ್ತಿ, ಫೋನ್ ಇಡಿ. ಮುಗಿದ ಮೇಲೆ ಮತ್ತೆ ಮಾಡಿ. ಇಬ್ಬರ ಹಾಳೆಯ ಹತ್ತು ಪದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಹೋದ ದಸರಾ ರಜೆಯಲ್ಲಿ ನಾವು ಹೀಗೆ ಮಾಡಿದೆವು. ಆ ಗೆಳೆಯ ಈಗ ಹುಬ್ಬಳ್ಳಿಯಲ್ಲಿದ್ದಾನೆ, ನಾನು ಮೈಸೂರಿನಲ್ಲಿ. ಮುಕ್ಕಾಲು ಗಂಟೆ ಆದಮೇಲೆ ಫೋನ್ ಬರಬೇಕಿತ್ತು. ಐದೇ ನಿಮಿಷಕ್ಕೆ ಬಂತು. ಎರಡನೇ ಹಾಡು ಆಗಷ್ಟೇ ಶುರುವಾಗಿತ್ತು.

“ಲೋ, ನಿನ್ನ ಕಡೆಯದೂ ಕೇಳಿಸ್ತಾ ಇದೆ ಕಣೋ,” ಅಂದ.